ಯಾರಿಗೆ ಸುಲಭ?

ಮೂವತ್ತೊಂದು ವರ್ಷ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಅಕ್ಷಾಂಶ ರೇಖಾಂಶ ಕಲಿಸಿದವಳು ನಾನು. ಗ್ಲೋಬನ್ನು ಮೇಜಿನ ಮೇಲಿಟ್ಟು, ಒಂದು ಸುತ್ತು ತಿರುಗಿಸಿ, ಬೆರಳಿಟ್ಟು, "ನಮ್ಮ ಕುಂದಾಪುರ ಇಲ್ಲಿ, 13 ಡಿಗ್ರಿ 38 ಮಿನಿಟು ಉತ್ತರ" ಎನ್ನುತ್ತಿದ್ದೆ. ಬೆರಳಿನ ಅಡಿಯಲ್ಲಿ ಕುಂದಾಪುರವೇನು, ಅರ್ಧ ಕರಾವಳಿಯೇ ಮುಚ್ಚಿಹೋಗುತ್ತಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ಈ ಗೆರೆ ನಿಜವಾಗಿ ಎಲ್ಲಿದೆ? ನಮ್ಮ ಗದ್ದೆಯಲ್ಲಿ ಹಾದುಹೋಗಿದೆಯಾ?" ಎಂದು ಕೇಳಿದ್ದಳು. ಎಲ್ಲರೂ ನಕ್ಕರು. ನಾನೂ ನಕ್ಕು, "ಅದು ಕಾಲ್ಪನಿಕ ರೇಖೆ, ಪುಸ್ತಕದಲ್ಲಿ ಹಾಗೇ ಬರೆದಿದೆಯಲ್ಲ" ಎಂದು ಕೂರಿಸಿದೆ. ಆ ಕಾಲ್ಪನಿಕ ರೇಖೆಯನ್ನು ಹುಡುಕಿಕೊಂಡು ನಿವೃತ್ತಿಯಾದ ಮೇಲೆ ಮಲ್ಪೆಯ ಬಂದರಿನ ಅಂಗಡಿಯೊಂದಕ್ಕೆ ಹೋಗಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಹೋದದ್ದು ನನ್ನ ತಮ್ಮನ ದೋಣಿಗೆ ಒಂದು ಜಿಪಿಎಸ್ ಕೊಳ್ಳಲು. ತಮ್ಮನದು ಗಂಗೊಳ್ಳಿಯ ಆಚೆಯ ಊರು, ನಮ್ಮ ತವರು. ಔಟ್‌ಬೋರ್ಡ್ ಎಂಜಿನ್ ಕಟ್ಟಿದ ಸಣ್ಣ ನಾಡದೋಣಿ. ಸಂಜೆ ಹೊರಟು, ರಾತ್ರಿ ಬಲೆ ಬಿಟ್ಟು, ಬೆಳಗಿನ ಜಾವಕ್ಕೆ ಮರಳುವುದು ಅವನ ಬದುಕು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ಬೋಟುಗಳಿಗೆ ಸರ್ಕಾರದ ನಿಷೇಧವಿರುತ್ತದೆ. ಆಗ ಕಡಲು ಬಿಟ್ಟುಕೊಟ್ಟಷ್ಟು ದಿನ ಇಂಥ ಸಣ್ಣ ದೋಣಿಗಳದೇ ಹಂಗಾಮು. ಅವನ ಜೊತೆ ಹೋಗುವವನು ಮಗ, ಹತ್ತೊಂಬತ್ತು ವರ್ಷದವನು. ಇನ್ನೊಬ್ಬ ಹುಡುಗ ಘಟ್ಟದ ಮೇಲಿನಿಂದ ಕೆಲಸಕ್ಕೆ ಬಂದವನು, ಕಡಲಿಗೆ ಹೊಸಬ.

ಕಳೆದ ಅಕ್ಟೋಬರಿನಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ತಮ್ಮನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ್ದಾನೆ, ಬಲೆಯ ಗಡಿಬಿಡಿಯಲ್ಲಿ ಊಟ ಬಿಟ್ಟಿದ್ದಾನೆ. ನಡುರಾತ್ರಿ ದಡದಿಂದ ಹನ್ನೆರಡು ನಾಟಿಕಲ್ ಮೈಲು ಆಚೆ ಮೈಯೆಲ್ಲ ಬೆವರಿ, ಕೈಕಾಲು ನಡುಗಿ, ಮಾತು ತೊದಲಿ ದೋಣಿಯ ತಳದಲ್ಲಿ ಒರಗಿಬಿಟ್ಟ. ಹುಡುಗರಿಬ್ಬರಿಗೂ ಅದು ಸಕ್ಕರೆ ಇಳಿದದ್ದು ಎಂದು ತಿಳಿಯಲಿಲ್ಲ. ಮಗ ಬಲೆ ಕಡಿದು ಎಂಜಿನ್ ಚಾಲೂ ಮಾಡಿದ. ಆದರೆ ಯಾವ ಕಡೆಗೆ? ಮೋಡ ಮುಸುಕಿತ್ತು. ಮೊಬೈಲು ತೆಗೆದರೆ ನೀಲಿ ಚುಕ್ಕೆಯೊಂದು ಕಾಣಿಸಿತಂತೆ, ಸುತ್ತ ನಕ್ಷೆಯೇ ಇರಲಿಲ್ಲ. ಉಪಗ್ರಹಕ್ಕೆ ಟವರು ಬೇಡ, ನಿಜ. ಆದರೆ ಮೊದಲೇ ಇಳಿಸಿಟ್ಟುಕೊಳ್ಳದ ನಕ್ಷೆಗೆ ಟವರು ಬೇಕು. ಆಮೇಲೆ ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದನ್ನೂ ನಿಲ್ಲಿಸಿತು. ಅಲೆ ಬರುವ ದಿಕ್ಕು ನೋಡಿ ಅಂದಾಜಿನ ಮೇಲೆ ಪೂರ್ವಕ್ಕೆ ಹಿಡಿದ. ನಮ್ಮ ಕರಾವಳಿಯಲ್ಲಿ ಪೂರ್ವಕ್ಕೆ ಹೋದವನಿಗೆ ಎಲ್ಲೋ ಒಂದು ಕಡೆ ನೆಲ ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದು ನಮ್ಮೂರಿಗಿಂತ ಎಷ್ಟೋ ಉತ್ತರಕ್ಕೆ, ತೆರೆ ಒಡೆಯುವ, ದೋಣಿ ಹಚ್ಚಲಾಗದ ದಡ. ಬೆಳಕಾಗುವವರೆಗೆ ಅಲ್ಲೇ ಸುಳಿದಾಡಿ, ಬೇರೆ ದೋಣಿಯವರು ಕಂಡು, ಅವರಲ್ಲಿದ್ದ ಸಕ್ಕರೆ ಚಹಾ ಕುಡಿಸಿ, ಅಂತೂ ತಮ್ಮ ಉಳಿದ.

ಆದರೆ ನನ್ನನ್ನು ಕಾಡಿದ್ದು ಕಡಲಿನಲ್ಲಿ ನಡೆದದ್ದಕ್ಕಿಂತ ದಡದಲ್ಲಿ ನಡೆದದ್ದು. ಬೆಳಗ್ಗೆ ಬರಬೇಕಾದ ದೋಣಿ ಬರದಿದ್ದಾಗ ತಮ್ಮನ ಹೆಂಡತಿ ಅಕ್ಕಪಕ್ಕದವರನ್ನು ಎಬ್ಬಿಸಿದಳು. ಎರಡು ದೋಣಿ ಹುಡುಕಲು ತಯಾರಾದವು. ಹೊರಡುವ ಮುನ್ನ ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಕಡೆ ಹೋಯಿರ್?" ಅವಳು ಪಡುವಣಕ್ಕೆ ಕೈ ತೋರಿಸಿದಳು. ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡ ಪ್ರತಿ ರಾತ್ರಿ ಎಲ್ಲಿರುತ್ತಾನೆ ಎಂದು ಹೇಳಲು ಇದ್ದ ವಿಳಾಸ, ಪಡುವಣ. ಇಡೀ ಅರಬ್ಬೀ ಸಮುದ್ರ.

ಅವನೇಕೆ ಹೇಳಿರಲಿಲ್ಲ ಎಂದರೆ, ಮೀನುಗಾರರು ಹೇಳುವುದಿಲ್ಲ. ನಮ್ಮ ಅಪ್ಪಯ್ಯನೂ ಹೇಳುತ್ತಿರಲಿಲ್ಲ. ನೀರಿನ ಅಡಿಯಲ್ಲಿ ಕಲ್ಲುಗಳಿರುತ್ತವೆ. ಅವುಗಳ ಸುತ್ತ ಅಂಜಲ್‌ನಂಥ ಬೆಲೆಯ ಮೀನು ಕೂಡುತ್ತದೆ. ಆ ಕಲ್ಲಿನ ಜಾಗ ಗೊತ್ತಿದ್ದವನಿಗೆ ಅದು ಗದ್ದೆ ಇದ್ದಂತೆ, ಆದರೆ ಬೇಲಿಯೂ ಪಹಣಿಯೂ ಇಲ್ಲದ ಗದ್ದೆ. ಬಾಯಿ ಬಿಟ್ಟರೆ ನಾಳೆಯಿಂದ ಊರೆಲ್ಲರದು. ಅಪ್ಪಯ್ಯ ಆ ಜಾಗಗಳನ್ನು ಹುಡುಕುತ್ತಿದ್ದ ರೀತಿ ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ. ಕಡಲಲ್ಲಿ ನಿಂತು ದಡ ನೋಡುವುದು. ಮುಂದಿನ ತಾಳೆಮರವೂ ಹಿಂದಿನ ಗುಡ್ಡದ ನೆತ್ತಿಯೂ ಒಂದರ ಹಿಂದೊಂದು ಬಂದರೆ ಅದು ಒಂದು ಗೆರೆ. ಇನ್ನೊಂದು ಪಕ್ಕದಲ್ಲಿ ಗುಡಿಯ ಶಿಖರವೂ ಕೊಡಚಾದ್ರಿಯ ಒಂದು ತಗ್ಗೂ ಸೇರಿದರೆ ಎರಡನೆಯ ಗೆರೆ. ಎರಡು ಗೆರೆ ಕೂಡಿದಲ್ಲಿ ಕಲ್ಲು. ನಾನು ಕರಿಹಲಗೆಯ ಮೇಲೆ ಗೀಚುತ್ತಿದ್ದ ಅಕ್ಷಾಂಶ ರೇಖಾಂಶಗಳ ಲೆಕ್ಕವೂ ಬೇರೇನಲ್ಲ, ಇದೇ! ಮೂರನೇ ಕ್ಲಾಸು ದಾಟದ ಅಪ್ಪಯ್ಯ ಅದನ್ನು ತೆಂಗು, ತಾಳೆ, ಬೆಟ್ಟಗಳಿಂದ ಮಾಡುತ್ತಿದ್ದ. ಚಿಕ್ಕಂದಿನಲ್ಲಿ ಒಮ್ಮೆ ಕೇಳಿದ್ದೆ, "ಅಪ್ಪಯ್ಯ, ನಂಗೂ ತೋರ್ಸಿ" ಎಂದು. "ಹೆಣ್ಣ್ ಮಕ್ಕಳಿಗೆ ಎಂತಕೆ?" ಎಂದಿದ್ದ. ಕೋಪದಿಂದಲ್ಲ, ಪ್ರೀತಿಯಿಂದಲೇ. ಅಪ್ಪಯ್ಯ ಸತ್ತಾಗ ಅವನ ಕಲ್ಲುಗಳಲ್ಲಿ ಅರ್ಧದಷ್ಟು ಅವನೊಡನೆಯೇ ಹೋದವು. ತಮ್ಮನಿಗೆ ದಕ್ಕಿದ್ದು ಉಳಿದ ಅರ್ಧ. ಅದರಲ್ಲೂ ಕೆಲವಕ್ಕೆ ಈಗ ಗುರುತಿಲ್ಲ. ತಾಳೆಮರ ಬಿದ್ದಿದೆ, ಗುಡಿಯ ಮುಂದೆ ಮಹಡಿ ಮನೆ ಎದ್ದಿದೆ.

ಜಿಪಿಎಸ್ ತರೋಣ ಎಂದು ಮೊದಲು ಹೇಳಿದವಳು ತಮ್ಮನ ಹೆಂಡತಿ. ತಮ್ಮ ಒಪ್ಪಲಿಲ್ಲ. "ಅಕ್ಕಾ, ನಂಗೆ ದಾರಿ ಗೊತ್ತಿತ್ತಲ್ದಾ, ಮಿಶಿನ್ ಎಂತಕೆ?" ಎಂದ. ಅವಳು ಒಲೆಯ ಮುಂದಿನಿಂದ ಏಳದೆಯೇ, "ಅತ್ತಿಗೆ, ಇವ್ರಿಗೆ ಗೊತ್ತಿತ್ತ್. ಗೊತ್ತಿಲ್ದಿದ್ದದ್ದ್ ನಮ್ಗೆ" ಎಂದಳು. ನಾನು ಅರ್ಧ ದುಡ್ಡು ಹಾಕುತ್ತೇನೆ ಎಂದೆ. ಹಾಗೆ ನಾನೂ ಸೋದರಳಿಯನೂ ಮಲ್ಪೆಯ ಬಸ್ಸು ಹತ್ತಿದೆವು.

ಅಂಗಡಿಯವರು ಒಳ್ಳೆಯವರು. "ಯಾವುದು ಬೇಕು ಮೇಡಂ?" ಎಂದಾಗ ನಾನು ತಯಾರು ಮಾಡಿಕೊಂಡು ಹೋಗಿದ್ದ ಉತ್ತರ ಕೊಟ್ಟೆ, "ಬಳಸಲು ಸುಲಭವಾದದ್ದು." ಅವರು ನಕ್ಕರು. "ಯಾರಿಗೆ ಸುಲಭ?" ಎಂದರು. ಅವರು ವ್ಯಾಪಾರದ ಮಾತಾಗಿ ಕೇಳಿದ್ದು. ನನಗೆ ಮಾತ್ರ ಆ ಪ್ರಶ್ನೆ ಇವತ್ತಿನವರೆಗೂ ಬಿಟ್ಟಿಲ್ಲ.

ನೋಡಿ, ಸುಲಭ ಎನ್ನುವುದು ಒಂದೇ ಅರ್ಥದ ಮಾತಲ್ಲ. ಅಳಿಯನ ಕಣ್ಣು ಬಿದ್ದದ್ದು ದೊಡ್ಡ ಬಣ್ಣದ ಪರದೆಯ ಮೇಲೆ. ಅದರಲ್ಲಿ ನಕ್ಷೆಯಿದೆ, ನೀರಿನ ಆಳವಿದೆ, ಅಡಿಯಲ್ಲಿ ಮೀನಿದ್ದರೆ ಚಿತ್ರ ಬರುತ್ತದೆ. ಎಲ್ಲವೂ ಒಂದರಲ್ಲೇ, ಹಾಗಾಗಿ ಸುಲಭ ಎಂದು ಅವನ ವಾದ. ಆದರೆ ಅದಕ್ಕೆ ದೋಣಿಯಲ್ಲಿ ಬ್ಯಾಟರಿ ಕೂರಿಸಬೇಕು, ವೈರು ಎಳೆಯಬೇಕು. ತಮ್ಮನ ದೋಣಿಯ ಮೇಲೆ ಒಂದು ಚಾವಣಿಯೂ ಇಲ್ಲ. ಉಪ್ಪುನೀರು ತಾಗಿದ ವೈರಿನ ಗತಿ ಕರಾವಳಿಯವರಿಗೆ ಹೇಳಬೇಕಿಲ್ಲ. ಅಂಗಡಿಯವರ ಲೆಕ್ಕದಲ್ಲಿ ಸುಲಭ ಎಂದರೆ ಕೈಯಲ್ಲಿ ಹಿಡಿಯುವ ಸಣ್ಣದು. ಕಪ್ಪು-ಬಿಳಿ ಪರದೆ, ಬಿಸಿಲಿನಲ್ಲೂ ಅಕ್ಷರ ಕಾಣುತ್ತದೆ. ಒತ್ತಿದರೆ ಒತ್ತಿದಂತೆ ಗೊತ್ತಾಗುವ ರಬ್ಬರಿನ ಬಟನ್‌ಗಳು, ಒದ್ದೆ ಕೈಗೂ ನಡೆಯುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡುವುದಿಲ್ಲ. ಕೈತಪ್ಪಿ ಬಿದ್ದರೆ ತೇಲುತ್ತದೆ. ಹಾಕುವುದು ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಸೆಲ್ಲು, ಯಾವ ಗೂಡಂಗಡಿಯಲ್ಲೂ ಸಿಗುತ್ತದೆ. ಯಾರಾದರೂ ನೀರಿಗೆ ಬಿದ್ದರೆ ತಕ್ಷಣ ಆ ಜಾಗವನ್ನು ಗುರುತಿಟ್ಟು ಅಲ್ಲಿಗೇ ಹಿಂದಿರುಗಿಸುವ ವ್ಯವಸ್ಥೆಯೂ ಉಂಟು.

ಅಂಗಡಿಯ ಒಳಗೆ ಅದು ಏನನ್ನೂ ತೋರಿಸಲಿಲ್ಲ. "ಆಕಾಶ ಕಾಣಬೇಕು ಮೇಡಂ" ಎಂದು ಹೊರಗೆ ಕರೆದುಕೊಂಡು ಹೋದರು. ಮೀನಿನ ಲಾರಿ, ಐಸಿನ ಪುಡಿ, ಕಾಗೆಗಳ ನಡುವೆ ರಸ್ತೆಯ ಮೇಲೆ ನಿಂತೆ. ಸ್ವಲ್ಪ ಹೊತ್ತಿಗೆ ಅಂಕಿಗಳು ಬಂದವು: 13 ಡಿಗ್ರಿ 21 ಮಿನಿಟು, ಆಮೇಲೆ ಒಂದು ಚುಕ್ಕೆ, ಚುಕ್ಕೆಯ ಮುಂದೆ ಮೂರು ಅಂಕಿ. ಎರಡು ಹೆಜ್ಜೆ ಉತ್ತರಕ್ಕೆ ಇಟ್ಟೆ. ಕೊನೆಯ ಅಂಕಿ ಅಲುಗಿತು. ಹಿಂದಿನ ಬೆಂಚಿನ ಆ ಹುಡುಗಿ ನೆನಪಾದಳು. ಗೆರೆ ಇಲ್ಲೇ ಇದೆಯಮ್ಮ, ನನ್ನ ಕಾಲ ಕೆಳಗೆ, ಮೀನಿನ ನೀರು ಹರಿಯುತ್ತಿರುವಲ್ಲಿ. ಅಂದು ನಕ್ಕದ್ದು ತಪ್ಪಾಯಿತು.

ಸುಮಾರು 20,000 ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕು ಕಂಡರೆ ಈ ಪೆಟ್ಟಿಗೆ ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಮೇಲಿನಿಂದ ಸಂಕೇತ ಹೊರಟ ಹೊತ್ತಿಗೂ ಇಲ್ಲಿ ತಲುಪಿದ ಹೊತ್ತಿಗೂ ಇರುವ ವ್ಯತ್ಯಾಸವೇ ದೂರದ ಅಳತೆ. ಮೋಡ ನಕ್ಷತ್ರವನ್ನು ಮುಚ್ಚುತ್ತದೆ, ಈ ಸಂಕೇತವನ್ನು ಮುಚ್ಚುವುದಿಲ್ಲ. ನಮ್ಮ ಕಡೆ ಧ್ರುವ ನಕ್ಷತ್ರವೇ ದಿಗಂತದಿಂದ ಹದಿಮೂರು ಡಿಗ್ರಿಯಷ್ಟೇ ಮೇಲೆ. ಸ್ವಲ್ಪ ಮಬ್ಬು ಕವಿದರೂ ಕಾಣುವುದಿಲ್ಲ. ಇದನ್ನೆಲ್ಲ ಪಾಠದಲ್ಲಿ ಹೇಳಿದ್ದೇನೆ. ಆದರೆ ಮೋಡದ ರಾತ್ರಿಯಲ್ಲಿ ಒಬ್ಬ ಹುಡುಗನಿಗೆ ಇದರ ಬೆಲೆ ಎಷ್ಟು ಎಂದು ತಿಳಿದು ಹೇಳಿದ್ದಲ್ಲ.

ಕೊನೆಗೆ ಸಣ್ಣದನ್ನೇ ಕೊಂಡೆವು. ಅಳಿಯ ಬಸ್ಸಿನಲ್ಲಿ ಮಾತಾಡಲಿಲ್ಲ. ಕುಂದಾಪುರ ಬರುವಾಗ, "ಅತ್ತೆ, ದೊಡ್ಡದು ನಂಗೆ ಒಂದು ದಿನದಲ್ಲಿ ಕಲಿಲಿಕ್ಕೆ ಆಗ್ತಿತ್ತು" ಎಂದ. ಹೌದು, ಆಗುತ್ತಿತ್ತು. ಆದರೆ ನಾನು ಅವನಿಗಾಗಿ ಆರಿಸಿರಲಿಲ್ಲ. ಅವನಪ್ಪನಿಗಾಗಿಯೂ ಅಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡದ್ದು ಘಟ್ಟದ ಮೇಲಿನ ಆ ಮೂರನೆಯ ಹುಡುಗನನ್ನು. ಅಪ್ಪ ಮಗ ಇಬ್ಬರೂ ಬಿದ್ದು, ಮಳೆ ಹೊಡೆಯುತ್ತಾ, ಕೈ ನಡುಗುತ್ತಾ ಇರುವ ಗಳಿಗೆಯಲ್ಲಿ ಅವನೊಬ್ಬನೇ ಅದನ್ನು ಹಿಡಿದರೆ ಮನೆಯ ದಿಕ್ಕು ಸಿಗಬೇಕು. ಬಲ್ಲವನಿಗೆ ಬಿಸಿಲಿನ ದಿನ ಎಲ್ಲವೂ ಸುಲಭವೇ. ಏನೂ ಬಾರದವನಿಗೆ ಅತಿ ಕೆಟ್ಟ ಗಳಿಗೆಯಲ್ಲಿ ಸುಲಭವಾಗುತ್ತದೆಯೋ ಎಂಬುದೇ ಪರೀಕ್ಷೆ. ಹೀಗೆ ಯೋಚಿಸಿದಾಗ ಸುಲಭ ಎನ್ನುವುದು ಬರಿಯ ಅನುಕೂಲದ ಮಾತಾಗಿ ಉಳಿಯಲಿಲ್ಲ, ನ್ಯಾಯದ ಮಾತಾಯಿತು.

ತಮ್ಮನ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅವನ ಮಾತು ಇಷ್ಟು: ಮಿಶಿನ್ ಬಂದರೆ ಮಗ ದಡ ನೋಡುವುದನ್ನು ಬಿಡುತ್ತಾನೆ. ಅಲೆ, ಗಾಳಿ, ನೀರಿನ ಬಣ್ಣ, ಯಾವುದೂ ಅವನ ಮೈಗೆ ಹತ್ತುವುದಿಲ್ಲ. ಸೆಲ್ಲು ಮುಗಿದ ದಿನ ಅವನು ಕುರುಡ. ನಾನು ಮದುವೆಯಾಗಿ ಹೋದ ಮನೆಗೆ ಮಿಕ್ಸಿ ಬಂದಾಗ ಅತ್ತೆಯವರೂ ಹೀಗೆಯೇ ಹೇಳಿದ್ದರು. ಅರೆಯುವ ಕಲ್ಲಿನ ಮುಂದೆ ಕೂತರೆ ಮಸಾಲೆ ಯಾವಾಗ ನುಣ್ಣಗಾಯಿತು ಎಂದು ಅಂಗೈಗೆ ತಿಳಿಯುತ್ತದೆ, ಇದಕ್ಕೆ ಕಿವಿಗಡಚಿಕ್ಕುವುದೊಂದೇ ಗೊತ್ತು ಎಂದು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ಅಂಗೈಗೆ ಆ ತಿಳಿವಳಿಕೆ ಬರಲೇ ಇಲ್ಲ. ಕಷ್ಟಪಟ್ಟು ಬಂದ ವಿದ್ಯೆಗೆ ಒಂದು ಘನತೆ ಇರುತ್ತದೆ. ಸುಲಭ ಬಂದಾಗ ಅದರಲ್ಲಿ ಏನೋ ಒಂದು ಸೋರಿಹೋಗುವುದು ನಿಜ.

ಅಲ್ಲದೆ ಯಂತ್ರ ಇದ್ದರೆ ಎಲ್ಲವೂ ಇದ್ದಂತಲ್ಲ. ಮಲ್ಪೆಯ ಸುವರ್ಣ ತ್ರಿಭುಜ ಬೋಟು 2018ರ ಡಿಸೆಂಬರ್ 13ರಂದು ಏಳು ಜನರೊಡನೆ ಹೊರಟದ್ದು ಮರಳಲಿಲ್ಲ. ಅದೇನು ಸಣ್ಣ ದೋಣಿಯಲ್ಲ, ಆಳಸಮುದ್ರಕ್ಕೆ ಹೋಗುವ ಬೋಟು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಸಿಕ್ಕಿತು ಎಂದು ತಿಳಿದದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಏಳು ಮನೆಗಳ ಹೆಂಗಸರು ಹೇಗೆ ದಿನ ನೂಕಿದರೋ! ಅದನ್ನು ನೆನೆದರೆ ಕೈಯಲ್ಲಿ ಹಿಡಿಯುವ ಈ ಪೆಟ್ಟಿಗೆಯ ಬಗ್ಗೆ ದೊಡ್ಡ ಮಾತು ಹೇಳಲು ನಾಚಿಕೆಯಾಗುತ್ತದೆ.

ಪೆಟ್ಟಿಗೆಗೂ ಅದರದೇ ಅಜ್ಞಾನವಿದೆ. ಅದರಲ್ಲಿ ಮನೆಯನ್ನು ಗುರುತಿಟ್ಟರೆ ಒಂದು ಬಾಣ ಮನೆಯ ಕಡೆ ನೆಟ್ಟಗೆ ತೋರಿಸುತ್ತದೆ. ನಡುವೆ ಬಂಡೆ ಇದ್ದರೂ ಅಷ್ಟೇ, ಇಡೀ ಗುಡ್ಡವಿದ್ದರೂ ಅಷ್ಟೇ. ಅದು ದಿಕ್ಕು ಹೇಳುತ್ತದೆ, ದಾರಿ ಹೇಳುವುದಿಲ್ಲ. ಹೋದ ದಾರಿಯನ್ನು ನೆನಪಿಟ್ಟು ಹಾಗೆಯೇ ಹಿಂದಕ್ಕೆ ಕರೆತರುವ ಸೌಲಭ್ಯವಿದೆ. ಆದರೆ ನಮ್ಮಲ್ಲಿ ಐದು ನದಿಗಳು ಕೂಡಿ ಕಡಲು ಸೇರುವ ಅಳಿವೆಯಿದೆಯಲ್ಲ, ಪ್ರತಿ ಮಳೆಗಾಲ ಮುಗಿದ ಮೇಲೆ ಅಲ್ಲಿ ಮರಳಿನ ದಿಬ್ಬ ಜಾಗ ಬದಲಿಸಿರುತ್ತದೆ. ಹೋದ ವರ್ಷದ ದಾರಿಯನ್ನು ನಂಬಿ ಬಂದವನು ಈ ವರ್ಷದ ದಿಬ್ಬಕ್ಕೆ ಹೊಡೆಯುತ್ತಾನೆ. ತೆರೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯದೆ ಸುಮ್ಮನೆ ಉಬ್ಬಿ ಇಳಿಯುತ್ತದೆ ಎಂದು ನೋಡಿ ಒಳಗೆ ಬರಬೇಕು. ಅದನ್ನು ತಮ್ಮನೇ ಕಲಿಸಬೇಕು. ನಾನು ಅವನಿಗೆ ಇದನ್ನೇ ಹೇಳಿದೆ: "ಮಿಶಿನ್ ನಿನ್ನ ಕೆಲಸ ಕಸಿಯುವುದಿಲ್ಲ, ಕೊನೆಯ ಒಂದು ಮೈಲು ನಿನ್ನದೇ." ಅವನಿಗೆ ಆ ಮಾತು ಹಿಡಿಸಿತು. ಆದರೆ ನನ್ನೊಳಗೆ ಇನ್ನೊಂದು ಮಾತು ಇತ್ತು, ಅದನ್ನು ಅಂದು ಆಡಲಿಲ್ಲ. ಕಷ್ಟದ ವಿದ್ಯೆ ಅಷ್ಟು ಘನವಾದದ್ದಾದರೆ ಎರಡು ವರ್ಷದಿಂದ ಜೊತೆಗೆ ಬರುತ್ತಿರುವ ಮಗನಿಗೆ ಅದನ್ನೇಕೆ ಕಲಿಸಲಿಲ್ಲ? ಅಪ್ಪಯ್ಯ ನನಗೇಕೆ ಕಲಿಸಲಿಲ್ಲ? ಕಷ್ಟವೆಂಬುದು ಕೆಲವೊಮ್ಮೆ ವಿದ್ಯೆಯ ಗುಣವಲ್ಲ, ಅದರ ಬಾಗಿಲಿಗೆ ಹಾಕಿದ ಬೀಗ.

ಈ ಮಾತನ್ನು ನಾನು ಅಧಿಕಾರದಿಂದಲೇ ಆಡಬಲ್ಲೆ. ನನ್ನ ಯಜಮಾನರು ತೀರಿಕೊಂಡದ್ದು 2011ರಲ್ಲಿ, ಒಂದು ಬೆಳಗ್ಗೆ, ಹೃದಯ ನಿಂತು. ಬಹಳ ಅಚ್ಚುಕಟ್ಟಿನ ಮನುಷ್ಯ. ಯಾವ ಬ್ಯಾಂಕಿನಲ್ಲಿ ಎಷ್ಟು, ಯಾವ ವಿಮೆ ಯಾವಾಗ, ಮನೆಯ ಪತ್ರ ಎಲ್ಲಿ, ಎಲ್ಲ ಅವರ ತಲೆಯಲ್ಲಿತ್ತು. ನಾನು ಕೇಳಿದಾಗಲೆಲ್ಲ, "ನಿನಗ್ಯಾಕೆ ಆ ತಲೆನೋವು?" ಎನ್ನುತ್ತಿದ್ದರು. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನ ಈ ಮಾತು ಕೇಳಿರುತ್ತೀರಿ. ಅದು ಪ್ರೀತಿಯ ಮಾತೇ. ಅವರು ಹೋದ ಮೇಲೆ ಎಂಟು ತಿಂಗಳು ನಾನು ಕೌಂಟರಿನಿಂದ ಕೌಂಟರಿಗೆ ಅಲೆದೆ. ಒಂದು ಖಾತೆ ಇದ್ದದ್ದೇ ನಾಲ್ಕು ವರ್ಷದ ಮೇಲೆ ಹಳೆಯ ಪಂಚಾಂಗದೊಳಗೆ ಸಿಕ್ಕ ಚೀಟಿಯಿಂದ ತಿಳಿಯಿತು. ಎಂ.ಎ. ಮಾಡಿದ, ನಲವತ್ತು ಮಕ್ಕಳ ತರಗತಿಯನ್ನು ಒಂದು ನೋಟದಿಂದ ಸುಮ್ಮನಾಗಿಸುತ್ತಿದ್ದ ನಾನು, ನನ್ನದೇ ಮನೆಯ ಬಗ್ಗೆ ಕೇಳಿದಾಗ ಕೈಯೆತ್ತಿ ತೋರಿಸಿದ್ದು ಅದೇ ಪಡುವಣವನ್ನು.

ಇನ್ನು ಪೆಟ್ಟಿಗೆ ಮನೆಗೆ ಬಂದ ದಿನದ ಕತೆ. ಜಗಲಿಯ ಮೇಲೆ ಅಳಿಯ ಅದನ್ನು ಬಿಚ್ಚಿ ಅಪ್ಪನಿಗೆ ತೋರಿಸುತ್ತಿದ್ದ. ನಾನು ಅದನ್ನು ತೆಗೆದು ಒದ್ದೆ ಕೈಯಲ್ಲಿ ಬಂದ ತಮ್ಮನ ಹೆಂಡತಿಗೆ ಕೊಟ್ಟೆ. "ನಾನೆಂತ ಕಡಲಿಗೆ ಹೋಪ್ದಾ ಅತ್ತಿಗೆ?" ಎಂದು ನಕ್ಕಳು. ಏಳನೇ ಕ್ಲಾಸು ಓದಿದವಳು. ಎರಡು ಸಲ ತಪ್ಪಿದಳು, ಮೂರನೇ ಸಲ ಅಂಗಳದ ತುಳಸಿಕಟ್ಟೆಯ ಹತ್ತಿರ ನಿಂತು ಗುರುತು ಹಾಕಿದಳು. ಹೆಸರು ಕೊಡು ಎಂದಾಗ 'ಮನೆ' ಎಂದಳು, ಅಳಿಯ ಇಂಗ್ಲಿಷಿನಲ್ಲಿ ಬರೆದುಕೊಟ್ಟ. ತೋಟದ ಕೊನೆಗೆ ಹೋಗಿ ಬಾಣ ಹಿಡಿದು ತಿರುಗಿ ಬಂದಳು. ತುಳಸಿಕಟ್ಟೆಗೆ ನಾಲ್ಕು ಹೆಜ್ಜೆ ಆಚೆ ನಿಂತು, "ಇಲ್ಲೇ ಅಂತ್ ಹೇಳುತ್ತ್" ಎಂದಳು. ನಾಲ್ಕು ಹೆಜ್ಜೆಯ ತಪ್ಪು ಇಂಥ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ.

ಆಮೇಲೆ ಅವಳು ಅದನ್ನು ಹಿಂದಕ್ಕೆ ಕೊಡದೆ, ನಗದೆ, ಒಂದು ಮಾತು ಕೇಳಿದಳು. "ನೀವ್ ಬಲೆ ಬಿಡೂ ಜಾಗದ ನಂಬ್ರ ನಂಗೂ ಬರ್ದ್ ಕೊಡಿ." ಜಗಲಿ ಸುಮ್ಮನಾಯಿತು. ತಮ್ಮ ಬೀಡಿ ಆರಿಸಿದ. ಕಲ್ಲಿನ ಜಾಗ ಬರೆದಿಡುವುದೆಂದರೆ! ಚೀಟಿ ಯಾರ ಕೈಗಾದರೂ ಸಿಕ್ಕರೆ? ಹೆಂಗಸರು ನೀರಿನ ನಲ್ಲಿಯ ಹತ್ತಿರ ಆಡುವ ಮಾತಿನಲ್ಲಿ ಬಂದುಬಿಟ್ಟರೆ? ಅವನು ಹೇಳದಿದ್ದರೂ ಅದೆಲ್ಲ ಮುಖದಲ್ಲಿತ್ತು. ಅವಳಿಗೂ ಕಂಡಿತು. "ಅವತ್ತ್ ದೋಣಿಯವ್ರ್ ಕೇಂಡಾಗ ನಾನ್ ಎಂತ ಹೇಳೂದಿತ್ತ್?" ಎಂದಳು. ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ಇಲ್ಲಿಯೇ ನನ್ನ ಭೂಗೋಳ ಜೀವನದಲ್ಲಿ ಮೊದಲ ಬಾರಿ ಉಪಯೋಗಕ್ಕೆ ಬಂದದ್ದು. ಅಕ್ಷಾಂಶದ ಒಂದು ಮಿನಿಟು ಎಂದರೆ ಒಂದು ನಾಟಿಕಲ್ ಮೈಲು, 1.85 ಕಿಲೋಮೀಟರ್. ಚುಕ್ಕೆಯ ಮುಂದಿನ ಮೂರು ಅಂಕಿಗಳಲ್ಲಿ ಕೊನೆಯದು ಅಲುಗಿದರೆ ಎರಡು ಮೀಟರೂ ಇಲ್ಲ. ಕಲ್ಲು ಸಿಗಬೇಕಾದರೆ ಮೂರೂ ಅಂಕಿ ಬೇಕು. ಆದರೆ ಮನುಷ್ಯನನ್ನು ಹುಡುಕಲು ಡಿಗ್ರಿ ಮತ್ತು ಮಿನಿಟು ಸಾಕು, ಹುಡುಕುವವರಿಗೆ ಒಂದು ಮೈಲಿನ ಚೌಕ ಸಿಕ್ಕಂತಾಯಿತು. "ಚುಕ್ಕೆಯ ಹಿಂದಿನದು ಅವಳಿಗೆ ಕೊಡು, ಮುಂದಿನದು ನೀನು ಇಟ್ಟುಕೋ" ಎಂದೆ. ಒಂದು ಎಚ್ಚರಿಕೆಯನ್ನೂ ಹೇಳಿದೆ. ಚುಕ್ಕೆಯ ಮುಂದಿನ ಅಂಕಿಯನ್ನು ಸೆಕೆಂಡು ಎಂದು ಓದಬಾರದು. 38 ಚುಕ್ಕೆ 500 ಎಂದರೆ 38 ಮಿನಿಟು 30 ಸೆಕೆಂಡು. ಅದನ್ನೇ 50 ಸೆಕೆಂಡು ಎಂದು ಫೋನಿನಲ್ಲಿ ಹೇಳಿದರೆ 600 ಮೀಟರಿನ ತಪ್ಪಾಗುತ್ತದೆ. ತಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿ ಒಪ್ಪಿದ. ಅಡುಗೆಮನೆಯ ಬಾಗಿಲ ಹಿಂದೆ ಕ್ಯಾಲೆಂಡರಿನ ಪಕ್ಕ ಒಂದು ಹಾಳೆ ಅಂಟಿಸಿದಳು. ಮೇಲೆ ಕೋಸ್ಟ್ ಗಾರ್ಡಿನ ಪುಕ್ಕಟೆ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರ 1093. ಕೆಳಗೆ ದಿನಾ ಸಂಜೆ ತಮ್ಮ ಹೇಳಿದ ಎರಡು ಜೋಡಿ ಅಂಕಿ.

ಈ ಉಪಾಯಕ್ಕಾಗಿ ಅಂದು ನಾನು ಹೆಮ್ಮೆಪಟ್ಟೆ. ರಾತ್ರಿ ಮಲಗಿದಾಗ ಹೆಮ್ಮೆ ಇಳಿಯಿತು. ಗಂಡ ಹೆಂಡತಿಗೆ ಸತ್ಯ ಹೇಳುವುದಕ್ಕೂ ಒಂದು ಮೈಲಿನ ಸಡಿಲು ಬೇಕೇ? ಅದನ್ನು ಏರ್ಪಡಿಸಿಕೊಟ್ಟವಳು ನಾನೇ! ಆಗ ಜಿಪಿಎಸ್‌ನದೇ ಇತಿಹಾಸ ನೆನಪಾಯಿತು. ಅದನ್ನು ಕಟ್ಟಿದ್ದು ಅಮೆರಿಕದ ಸೇನೆ. ಮೊದಲ ವರ್ಷಗಳಲ್ಲಿ ಸಾಮಾನ್ಯರಿಗೆ ಸಿಗುತ್ತಿದ್ದ ಸಂಕೇತವನ್ನು ಅವರು ಬೇಕೆಂದೇ ಕೆಡಿಸಿ ಕೊಡುತ್ತಿದ್ದರು. ಸುಮಾರು ನೂರು ಮೀಟರಿನವರೆಗೆ ತಪ್ಪು ಬರುವಂತೆ. ನಿಖರವಾದದ್ದು ತಮಗೆ, ಮಬ್ಬಾದದ್ದು ಉಳಿದವರಿಗೆ. 2000ದ ಮೇ ತಿಂಗಳಲ್ಲಿ ಆ ಮಬ್ಬನ್ನು ತೆಗೆದರು. ಸಣ್ಣ ದೋಣಿಯವನಿಗೂ ತನ್ನ ಜಾಗ ಕೆಲವೇ ಮೀಟರಿನೊಳಗೆ ಸಿಗುವಂತಾದದ್ದು ಆಮೇಲೆ. ಬೇರೆಯವರ ಗಡಿಯಾರವನ್ನೇ ನಂಬಿ ಕೂರಬಾರದೆಂದು ನಮ್ಮ ದೇಶವೂ 2013ರಿಂದ ಏಳು ಉಪಗ್ರಹಗಳ ನಾವಿಕ್ ಎಂಬ ಏರ್ಪಾಡನ್ನು ಹಾರಿಸಿತು. ಜಗತ್ತಿನ ದೊಡ್ಡ ಸೇನೆಯಿಂದ ನಮ್ಮ ಅಪ್ಪಯ್ಯನವರೆಗೆ ಬಲ್ಲವರ ಬುದ್ಧಿ ಒಂದೇ: ಕೊಟ್ಟರೂ ಚುಕ್ಕೆಯ ಮುಂದಿನದನ್ನು ಇಟ್ಟುಕೊಂಡು ಕೊಡುವುದು. ಅದರಲ್ಲಿ ಭಯವೂ ಇದೆ, ಹೊಟ್ಟೆಪಾಡೂ ಇದೆ. ಪೂರಾ ಬೈಯಲು ನನಗೆ ಮನಸ್ಸಿಲ್ಲ. ಬೇಲಿಯಿಲ್ಲದ ಗದ್ದೆಯವನಿಗೆ ಗುಟ್ಟೊಂದೇ ಬೇಲಿ.

ಆದ್ದರಿಂದ ನಾನು ತಲುಪಿದ ತೀರ್ಮಾನ ದೊಡ್ಡದೇನಲ್ಲ. ಗಳಿಕೆಯ ಗುಟ್ಟು ಗಳಿಸಿದವನದಿರಲಿ. ಆದರೆ ಮನೆಗೆ ಮರಳುವ ದಾರಿ ಒಬ್ಬನ ಸೊತ್ತಲ್ಲ. ಅದು ದೋಣಿಯಲ್ಲಿರುವ ಎಲ್ಲರದು, ದಡದಲ್ಲಿ ಕಾಯುವವರದೂ ಹೌದು. ಅದನ್ನು ಸುಲಭ ಮಾಡುವುದು ವಿದ್ಯೆಗೆ ಅವಮಾನವಲ್ಲ. ಯಾವುದು ಮೀನಿನ ಗುಟ್ಟು, ಯಾವುದು ಮರಳುವ ದಾರಿ ಎಂದು ಬೇರ್ಪಡಿಸುವುದೇ ಕಷ್ಟ. ಆ ಕಷ್ಟವನ್ನು ಯಾವ ಪೆಟ್ಟಿಗೆಯೂ ನಮಗಾಗಿ ಮಾಡಿಕೊಡದು.

ಹೋದ ತಿಂಗಳು ತವರಿಗೆ ಹೋದಾಗ ಬಾಗಿಲ ಹಿಂದಿನ ಹಾಳೆ ನೋಡಿದೆ. ಎರಡನೇ ಹಾಳೆ ಆಗಲೇ ತುಂಬುತ್ತಾ ಬಂದಿತ್ತು. ಅಂಕಿಗಳು ಅವಳ ದುಂಡಗಿನ ಅಕ್ಷರದಲ್ಲಿ ಒಂದರ ಕೆಳಗೊಂದು. ಹೆಚ್ಚಿನವು ಚುಕ್ಕೆಯಿಲ್ಲದವು. ನಡುವೆ ಒಂದು ಸಾಲಿನಲ್ಲಿ ಮಾತ್ರ ಚುಕ್ಕೆಯೂ ಇತ್ತು, ಚುಕ್ಕೆಯ ಮುಂದೆ ಮೂರಂಕಿಯೂ ಇತ್ತು. ನಾನು ಬೆರಳಿಟ್ಟು ತೋರಿಸಿದೆ. "ಅವತ್ತ್ ಗಾಳಿ ಇತ್ತ್, ಅವ್ರೇ ಹೇಳ್ರ್" ಎಂದಳು, ಬೇರೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕುಂದಾಪುರಕ್ಕೆ ಮರಳಿದ ಮೇಲೆ ಬೆಂಗಳೂರಿನ ಮಗಳಿಗೆ ಒಂದು ಪತ್ರ ಬರೆಯಲು ಕೂತೆ. ಪಾಸ್‌ಬುಕ್ಕು ಎಲ್ಲಿ, ಕಪಾಟಿನ ಕೀಲಿ ಎಲ್ಲಿ, ಪಿಂಚಣಿಯ ಕಾಗದ ಯಾವ ಕಡತದಲ್ಲಿ, ಯಾವ ಮಾತ್ರೆ ಯಾವ ಹೊತ್ತಿಗೆ, ಎಲ್ಲ ಬಿಡಿಸಿ ಬರೆದೆ. ಅವಳಿಗೆ ಸುಲಭವಾಗುವಂತೆ, ನನ್ನ ಕೆಟ್ಟ ಗಳಿಗೆಯಲ್ಲಿ ಗಾಬರಿಗೊಂಡ ಅವಳಿಗೂ ಸುಲಭವಾಗುವಂತೆ. ಕೊನೆಯಲ್ಲಿ ಒಂದು ವಿಷಯಕ್ಕೆ ಬಂದು ಪೆನ್ನು ನಿಂತಿತು. ಸಾಸಿವೆ ಡಬ್ಬಿಯ ಅಡಿಯಲ್ಲಿ ನಾನು ಮದುವೆಯಾದಂದಿನಿಂದ ಕೂಡಿಡುತ್ತಿರುವ ಪುಡಿಗಾಸು. ಯಜಮಾನರಿಗೂ ಹೇಳಿದ್ದಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಅಡುಗೆಮನೆಯಲ್ಲಿ ಸ್ವಲ್ಪ ಹಣ ಇದೆ" ಎಂದಷ್ಟೇ ಬರೆದು ಪತ್ರ ಅಂಟಿಸಿದೆ.

ಡಿಗ್ರಿ, ಮಿನಿಟು ಕೊಟ್ಟಾಗಿದೆ. ಚುಕ್ಕೆಯ ಮುಂದಿನದು ಸದ್ಯಕ್ಕೆ ನನ್ನಲ್ಲೇ ಇರಲಿ.